ಕುದುರೆ ಕಾಲು ಕೊಡುವುದಿಲ್ಲವೇ? ಜಗಳವಿಲ್ಲದೆ ಕಲಿಸುವ ಬಗೆ

ಕುದುರೆಯ ಗೊರಸನ್ನು ದಿನಾ ಕೆರೆದು ಶುಚಿ ಮಾಡಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು. ಎರಡಕ್ಕೂ ಅದು ಕಾಲೆತ್ತಿ ಕೊಟ್ಟು ಸುಮ್ಮನೆ ನಿಲ್ಲಬೇಕು. ಲಾಯಗಳಲ್ಲಿ ಗುದ್ದಾಟ ಶುರುವಾಗುವುದೇ ಇಲ್ಲಿ. ಒಬ್ಬರು ಕಾಲು ಜಗ್ಗುತ್ತಾರೆ, ಕುದುರೆ ಕಿತ್ತುಕೊಳ್ಳುತ್ತದೆ, ಇನ್ನೊಬ್ಬರು ಬಂದು ಮತ್ತಷ್ಟು ಬಿಗಿಯಾಗಿ ಹಿಡಿಯುತ್ತಾರೆ, ಕೊನೆಗೆ ‘ಇದು ಹಠಮಾರಿ’ ಎಂಬ ಹಣೆಪಟ್ಟಿ ಬೀಳುತ್ತದೆ. ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿಗೆ ಕಾಲು ಇನ್ನೊಬ್ಬರ ಕೈಗೆ ಸಿಕ್ಕಿತೆಂದರೆ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತೆಂದೇ ಅರ್ಥ. ಸಾಲದ್ದಕ್ಕೆ 400–500 ಕಿಲೋ ಭಾರವನ್ನು ಮೂರೇ ಕಾಲಿನ ಮೇಲೆ ತೂಗಿಸಿಕೊಳ್ಳಲೂ ಅದು ಕಲಿಯಬೇಕು.

ಮೊದಲು ನೋವಿದೆಯೇ ನೋಡಿ

ಇಷ್ಟು ದಿನ ಸರಿಯಾಗಿ ಕಾಲು ಕೊಡುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ನಿರಾಕರಿಸಿದರೆ ತರಬೇತಿ ಬದಿಗಿಟ್ಟು ಪಶುವೈದ್ಯರನ್ನು ಕರೆಸಿ. ಎತ್ತದ ಕಾಲಿನಲ್ಲೇ ನೋವಿರಬೇಕೆಂದೇನೂ ಇಲ್ಲ. ಎಡ ಮುಂಗಾಲು ಕೊಡದಿದ್ದರೆ ಬಲ ಮುಂಗಾಲಿನ ಗೊರಸು ನೋಯುತ್ತಿರಬಹುದು, ಏಕೆಂದರೆ ಎಡಗಾಲು ಎತ್ತಿದೊಡನೆ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ವಯಸ್ಸಾದ ಕುದುರೆಗಳು ಹಿಂಗಾಲು ಕೊಡಲು ಹಿಂಜರಿದರೆ ಕೀಲುವಾತದ ಶಂಕೆ ಇರಲಿ. ಗೊರಸು ಮುಟ್ಟಿದರೆ ಬಿಸಿ, ತಳದಿಂದ ಕೊಳೆತ ವಾಸನೆ, ಕಪ್ಪು ಸ್ರಾವ, ಇವುಗಳಲ್ಲಿ ಯಾವುದು ಕಂಡರೂ ಮೊದಲು ಚಿಕಿತ್ಸೆ, ಆಮೇಲೆ ಪಾಠ.

ಸಿದ್ಧತೆ

ಸಮತಟ್ಟಾದ, ಜಾರದ ನೆಲ ಸಾಕು. ಅಗಲ ಪಟ್ಟಿಯ ಹಾಲ್ಟರ್ (ಕುದುರೆಯ ತಲೆಗೆ ತೊಡಿಸುವ ಪಟ್ಟಿಗಳ ಜೋಡಣೆ), ಮೂರು ಮೀಟರ್ ಉದ್ದದ ಹತ್ತಿ ಹಗ್ಗ, ಬ್ರಷ್ ಇರುವ ಗೊರಸು ಕೊಕ್ಕೆ, ಗಟ್ಟಿ ಬೂಟು, ಇಷ್ಟೇ ಸಾಮಾನು. ಮೂಗಿನ ಮೇಲೆ ಹಾಯಿಸುವ ಚೈನು ಬೇಡವೇ ಬೇಡ. ಕುದುರೆಯನ್ನು ‘ಶಾಂತ’ಗೊಳಿಸುತ್ತೇವೆಂದು ಮಾರುವ ಪುಡಿ, ಪೇಸ್ಟುಗಳಿಗೂ ದುಡ್ಡು ಸುರಿಯಬೇಡಿ, ಕಾಲು ಕೊಡುವುದನ್ನು ಅವು ಕಲಿಸುವುದಿಲ್ಲ.

ಕಲಿಸುವ ಹಂತದಲ್ಲಿ ಕಂಬಕ್ಕೆ ಕಟ್ಟಬೇಡಿ. ಗಾಬರಿಯಾದ ಕುದುರೆ ಹಿಂದಕ್ಕೆ ಜಗ್ಗಿದಾಗ ಹಗ್ಗ ಬಿಗಿದರೆ ಗಾಬರಿ ಇನ್ನಷ್ಟು ಏರುತ್ತದೆ. ಹಗ್ಗ ಹಿಡಿಯಲು ಒಬ್ಬರಿರಲಿ. ಅವರು ನೀವಿರುವ ಮಗ್ಗುಲಿನಲ್ಲೇ ನಿಲ್ಲಬೇಕು. ಇದನ್ನು ಬಹಳ ಜನ ತಲೆಕೆಳಗು ಮಾಡುತ್ತಾರೆ. ಕುದುರೆ ಕೆರಳಿದಾಗ ಸಹಾಯಕರು ತಲೆಯನ್ನು ತಮ್ಮ ಕಡೆ ಎಳೆದರೆ ಅದರ ಹಿಂಭಾಗ ಎದುರು ದಿಕ್ಕಿಗೆ, ಅಂದರೆ ನಿಮ್ಮಿಂದ ದೂರಕ್ಕೆ ತಿರುಗುತ್ತದೆ. ಅವರು ಆಚೆ ಮಗ್ಗುಲಿನಲ್ಲಿ ನಿಂತಿದ್ದರೆ ಅದೇ ಎಳೆತ ಹಿಂಗಾಲುಗಳನ್ನು ನಿಮ್ಮ ಮೇಲೆ ತಂದು ಹಾಕುತ್ತದೆ.

ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕುದುರೆಗೆ ಏನೂ ಕಾಣಿಸದು. ಆದ್ದರಿಂದ ಭುಜದ ಕಡೆಯಿಂದ ಓರೆಯಾಗಿ, ಮಾತಾಡುತ್ತಾ ಬನ್ನಿ.

ಮುಂಗಾಲು

ಭುಜದ ಪಕ್ಕ ಬಾಲದ ಕಡೆ ಮುಖ ಮಾಡಿ ನಿಲ್ಲಿ. ಕೈಯನ್ನು ಭುಜದ ಮೇಲಿಟ್ಟು ಮಂಡಿಯವರೆಗೆ, ಅಲ್ಲಿಂದ ಗೊರಸಿನವರೆಗೆ ನಿಧಾನವಾಗಿ ಸವರುತ್ತಾ ಇಳಿಸಿ. ಕಚಗುಳಿ ಇಟ್ಟಂತೆ ಸವರಬೇಡಿ, ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿ ಅದು. ಅಂಗೈ ಪೂರ್ತಿ ಒತ್ತಿ ಸವರಿ. ಎಲ್ಲಿ ಮೈ ಬಿಗಿಯಾಯಿತೋ ಅಲ್ಲೇ ಕೈ ನಿಲ್ಲಿಸಿ, ಬಿಗಿ ಸಡಿಲಿಸಿದ ಮೇಲೆ ಕೈ ತೆಗೆಯಿರಿ. ಇಡೀ ಕಾಲು ಸವರಿಸಿಕೊಳ್ಳುವವರೆಗೆ ಎತ್ತುವ ಮಾತೇ ಬೇಡ.

ಎತ್ತುವ ಮುನ್ನ ನಾಲ್ಕೂ ಕಾಲು ಎಲ್ಲಿವೆ ನೋಡಿ. ನಿಂತ ಕುದುರೆಯ ತೂಕದಲ್ಲಿ ಶೇ 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ನೀವು ಕೇಳುತ್ತಿರುವ ಕಾಲಿನ ಮೇಲೇ ಅದು ಭಾರ ಹಾಕಿ ನಿಂತಿದ್ದರೆ ಕೊಡಲು ಮನಸ್ಸಿದ್ದರೂ ಆಗದು. ಸಹಾಯಕರು ತಲೆಯನ್ನು ತುಸು ಆಚೆ ತಿರುಗಿಸಲಿ, ನೀವು ಭುಜದಿಂದ ಮೆತ್ತಗೆ ಒರಗಿ. ಭಾರ ಆಚೆ ಕಾಲಿಗೆ ಜಾರಿದ್ದು ಕಣ್ಣಿಗೆ ಕಾಣುತ್ತದೆ.

ಈಗ ಮಂಡಿಯ ಕೆಳಗೆ, ಕಾಲಿನ ಹಿಂಬದಿಯ ಸ್ನಾಯುರಜ್ಜನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಹಿಸುಕಿ. ‘ಕಾಲು’ ಎಂಬಂಥ ಒಂದೇ ಪದವನ್ನು ಪ್ರತಿ ಸಲವೂ ಬಳಸಿ. ಹಿಮ್ಮಡಿ ಕೂದಲೆಳೆಯಷ್ಟು ಮೇಲೆದ್ದರೂ ಆ ಕ್ಷಣಕ್ಕೇ ಬೆರಳು ಬಿಡಿ. ಬೆರಳು ಬಿಟ್ಟದ್ದೇ ಕುದುರೆಗೆ ಸಿಗುವ ಉತ್ತರ, ಎರಡು ಸೆಕೆಂಡ್ ತಡವಾದರೆ ಯಾವುದಕ್ಕೆ ಉತ್ತರ ಸಿಕ್ಕಿತೆಂದು ಅದಕ್ಕೆ ತಿಳಿಯದು. ಐದಾರು ಸಲದಲ್ಲಿ ಗೊರಸು ಪೂರ್ತಿ ಮೇಲೇಳುತ್ತದೆ. ಆಗ ಗೊರಸಿನ ತುದಿಯನ್ನು ಅಂಗೈಯಲ್ಲಿ ಹಿಡಿದು, ಒಂದು ಸೆಕೆಂಡ್ ಬಿಟ್ಟು ನೀವಾಗಿಯೇ ನೆಲಕ್ಕಿಡಿ. ಎತ್ತಿ ಹಾಕಬೇಡಿ, ಇಡಬೇಕು. ಕೈಯಿಂದ ಬಿದ್ದ ಕಾಲು ನೆಲಕ್ಕೆ ಬಡಿದರೆ ಮುಂದಿನ ಸಲ ಅದು ಮೊದಲೇ ಕಿತ್ತುಕೊಳ್ಳುತ್ತದೆ.

ಒಂದು ಸೆಕೆಂಡ್ ಮೂರಾಗಲಿ, ಐದಾಗಲಿ, ಹತ್ತಾಗಲಿ. ಒಂದು ಪಾಠ ಹದಿನೈದು ನಿಮಿಷ ಮೀರದಿರಲಿ.

ಕಾಲನ್ನು ಪಕ್ಕಕ್ಕೆ ಎಳೆಯಬಾರದು, ಮಂಡಿಯ ಕೀಲು ಆ ದಿಕ್ಕಿಗೆ ಮಡಿಯುವುದಿಲ್ಲ. ಎತ್ತರದ ಮನುಷ್ಯ, ಗಿಡ್ಡ ಕುದುರೆ ಆದಾಗ ಈ ತಪ್ಪು ಹೆಚ್ಚು. ಬೆನ್ನು ನೋಯುತ್ತದೆಂದು ಕಾಲನ್ನು ಮೇಲೆತ್ತುವ ಬದಲು ನೀವೇ ಬಗ್ಗಿ.

ಕಾಲು ಕಿತ್ತುಕೊಂಡಾಗ

ಎಲ್ಲರೂ ಎಡವುವುದು ಈ ಹಂತದಲ್ಲೇ. ಕುದುರೆ ಕಾಲು ಸೆಳೆಯುತ್ತದೆ. ಕೈಬಿಟ್ಟರೆ ‘ಸೆಳೆದರೆ ಸಿಗುತ್ತದೆ’ ಎಂದು ಅದು ಕಲಿಯುತ್ತದೆ. ಉಡದ ಪಟ್ಟಿನಂತೆ ಹಿಡಿದರೆ ಸಿಕ್ಕಿಬಿದ್ದೆನೆಂದು ಬೆದರಿ ಇನ್ನೂ ಜೋರಾಗಿ ಕೊಸರಾಡುತ್ತದೆ, ಬಲದ ಪಂದ್ಯದಲ್ಲಿ ನೀವು ಗೆಲ್ಲುವುದೂ ಇಲ್ಲ.

ಮಾಡಬೇಕಾದ್ದು ಇವೆರಡರ ನಡುವೆ ಇದೆ. ಕೈ ಗೊರಸಿನ ತುದಿಯಲ್ಲಿರಲಿ, ಮೂಳೆಯ ಮೇಲಲ್ಲ. ತುದಿಯನ್ನು ಕುದುರೆಯ ಮೊಣಕೈಯ (ಮುಂಗಾಲು ಎದೆಯ ಬಳಿ ಸೇರುವ ಕೀಲಿನ) ಕಡೆ ತುಸು ಮಡಿಸಿ ಹಿಡಿದರೆ ಕುದುರೆಗೆ ಅದೇ ಕಾಲಿನ ಮೇಲೆ ಊರಿ ಬಲ ಹಾಕಲು ಆಗದು. ಅದು ಸೆಳೆದಾಗ ನಿಮ್ಮ ಕೈಯೂ ಅದರ ಜೊತೆ ಹೋಗಲಿ. ಮುಂದೆ ಬಂದರೆ ಮುಂದೆ, ಕೆಳಗೆ ಹೋದರೆ ಕೆಳಗೆ. ತಡೆಯಬೇಡಿ, ಬಿಡಲೂ ಬೇಡಿ. ಅರ್ಧ ಸೆಕೆಂಡ್ ಕಾಲು ಸುಮ್ಮನಾದ ತಕ್ಷಣ ನೆಲಕ್ಕಿಟ್ಟು ಬೆನ್ನು–ಕುತ್ತಿಗೆ ಸೇರುವ ಉಬ್ಬಿನ ಬಳಿ ಉಗುರಿನಿಂದ ಕೆರೆಯಿರಿ. ಕುದುರೆಗಳು ಒಂದನ್ನೊಂದು ಕೆರೆಯುವುದು ಅಲ್ಲೇ, ಅಲ್ಲಿ ಕೆರೆದರೆ ಅವುಗಳ ಎದೆಬಡಿತ ಇಳಿಯುತ್ತದೆ. ಬೆಲ್ಲ, ಕ್ಯಾರೆಟ್‌ಗಿಂತ ಇದೇ ಮೇಲು. ತಿನಿಸು ಕೊಡಲು ಹೋದರೆ ಅದು ತಲೆ ತಿರುಗಿಸಿ ನಿಮ್ಮ ಜೇಬು ಹುಡುಕತೊಡಗುತ್ತದೆ, ಸಮತೋಲ ಕೆಡುತ್ತದೆ.

ಜೊತೆಗೆ ಹೋಗಲಾಗದಷ್ಟು ರಭಸವಾಗಿ ಸೆಳೆದರೆ ಕೈ ಬಿಟ್ಟುಬಿಡಿ. ಬೆರಳು ಮುರಿದುಕೊಳ್ಳುವುದು ಯಾರಿಗೂ ಬೇಕಿಲ್ಲ. ಬೈಯದೆ, ಹೊಡೆಯದೆ ಮರುಕ್ಷಣವೇ ಮತ್ತೆ ಕೇಳಿ, ಹಿಂದಿನದಕ್ಕಿಂತ ಅರ್ಧ ಸಮಯ ಮಾತ್ರ ಹಿಡಿಯಿರಿ. ಹತ್ತು ಸೆಕೆಂಡಿಗೆ ಕಿತ್ತುಕೊಳ್ಳುವ ಕುದುರೆಯ ಕಾಲನ್ನು ಐದಕ್ಕೇ ಇಳಿಸಿ. ಸೆಳೆಯುವ ಮೊದಲು ಅದು ಸುಳಿವು ಕೊಡುತ್ತದೆ: ಕಿವಿ ಹಿಂದಕ್ಕೆ ಸರಿಯುತ್ತದೆ, ತಲೆ ಮೇಲೇರುತ್ತದೆ, ಉಸಿರು ನಿಲ್ಲುತ್ತದೆ, ಭುಜ ನಿಮ್ಮ ಕಡೆ ವಾಲುತ್ತದೆ. ಸುಳಿವು ಕಂಡೊಡನೆ ಕಾಲಿಟ್ಟರೆ ಸೆಳೆಯುವ ಪ್ರಮೇಯವೇ ಬರುವುದಿಲ್ಲ.

ಮೈಮೇಲೆ ಒರಗಿ ಭಾರ ಬಿಡುವ ಕುದುರೆಗಳಿವೆ. ಭಾರ ಹೊತ್ತು ನಿಂತಷ್ಟೂ ಅವು ಇನ್ನಷ್ಟು ಬಿಡುತ್ತವೆ. ತೊಡೆಯ ಆಸರೆ ತೆಗೆದು ಗೊರಸಿನ ತುದಿ ಮಾತ್ರ ಬೆರಳಲ್ಲಿ ಹಿಡಿದರೆ ಒರಗಲು ಜಾಗವಿರುವುದಿಲ್ಲ.

ಹಿಂಗಾಲು

ಹಿಂಗಾಲಿನ ರಚನೆಯೇ ಬೇರೆ. ಅದರ ಮೇಲಿನ ಮಂಡಿಯೂ ಕೆಳಗಿನ ಮಡಿಕೆಯೂ (ಕಾಲಿನ ನಡುವೆ ಹಿಂದಕ್ಕೆ ಚಾಚಿದ ಕೀಲು) ಒಟ್ಟಿಗೇ ಮಡಿಯುವಂತೆ ಸ್ನಾಯುರಜ್ಜುಗಳು ಜೋಡಿಸಿವೆ. ಆದ್ದರಿಂದ ಎತ್ತಿದೊಡನೆ ಕಾಲು ಹೊಟ್ಟೆಯ ಕಡೆಗೆ ಝಕ್ಕನೆ ಜಿಗಿಯುತ್ತದೆ. ಅದು ಒದೆಯಲ್ಲ. ಒದೆಯೆಂದು ತಿಳಿದು ಹೆದರಿ ಬಿಟ್ಟವರು, ಗದರಿಸಿದವರು ಅಲ್ಲಿಂದ ಕುದುರೆಯನ್ನು ಕೆಡಿಸುತ್ತಾರೆ.

ಸೊಂಟದ ಮೇಲೆ ಒಂದು ಕೈ ಸದಾ ಇರಲಿ, ಸ್ನಾಯು ಬಿಗಿಯುವುದು ಅಲ್ಲೇ ಮೊದಲು ಗೊತ್ತಾಗುತ್ತದೆ. ಇನ್ನೊಂದು ಕೈ ತೊಡೆಯಿಂದ ಮಡಿಕೆಗೆ, ಅಲ್ಲಿಂದ ಕೆಳಗೆ ಇಳಿಯಲಿ. ಕಾಲು ಮುಂದಕ್ಕೆ ಮಡಿದಾಗ ಎರಡು ಮೂರು ಸೆಕೆಂಡ್ ಹಾಗೇ ಕಾಯಿರಿ. ಸಡಿಲವಾದ ಮೇಲೆ ನೀವು ಹಿಂದಕ್ಕೆ ಒಂದು ಹೆಜ್ಜೆಯಿಟ್ಟು, ಕಾಲನ್ನು ತಗ್ಗಿನಲ್ಲೇ, ಸೊಂಟದ ನೇರಕ್ಕೆ ಹಿಂದೆ ತನ್ನಿ. ಮೈಗೆ ಅಂಟಿ ನಿಲ್ಲಿ, ಇಲ್ಲವೇ ಪೂರ್ತಿ ದೂರ ಹೋಗಿ. ಒಂದು ಮಾರು ದೂರದಲ್ಲಿ ನಿಂತವರಿಗೆ ಒದೆ ಪೂರ್ತಿ ವೇಗದಲ್ಲಿ ಬೀಳುತ್ತದೆ, ಅಂಟಿ ನಿಂತರೆ ತಳ್ಳಿದಂತಾಗುತ್ತದೆ ಅಷ್ಟೇ.

ನಿಜವಾಗಿ ಒದೆಯುವ ಕುದುರೆಯಾದರೆ ಕೈ ಹಾಕಬೇಡಿ. ಒಂದೂವರೆ ಮೀಟರ್ ಕೋಲಿನ ತುದಿಗೆ ಬಟ್ಟೆ ತುಂಬಿದ ಕೈಗವುಸು ಕಟ್ಟಿ, ಅದರಿಂದಲೇ ಕಾಲನ್ನು ಸವರಿ. ಒದ್ದರೂ ಕೋಲು ಅಲ್ಲೇ ಇರಲಿ, ಸುಮ್ಮನಾದಾಗ ತೆಗೆಯಿರಿ. ಒದ್ದಾಗ ತೆಗೆದರೆ ಒದೆಯುವುದನ್ನು ನೀವೇ ಕಲಿಸಿದಂತೆ. ಕಾಲು ಕಟ್ಟಿ ನಿಲ್ಲಿಸುವ ಹಳೆಯ ಉಪಾಯ ಕೀಲು ಮುರಿಸುವ ಕೆಲಸ.

ನೊಣದ ಕಾಟಕ್ಕೆ ಕಾಲು ಬಡಿಯುವುದನ್ನು ತಂಟೆಯೆಂದು ಲೆಕ್ಕ ಹಾಕಬೇಡಿ. ಮೊದಲು ನೊಣ ಓಡಿಸುವ ಔಷಧಿ ಹಚ್ಚಿ.

ಕೊಕ್ಕೆ, ಆಮೇಲೆ ಲಾಳದವರು

ಕೊಕ್ಕೆಯನ್ನು ಹಿಮ್ಮಡಿಯಿಂದ ತುದಿಯ ಕಡೆಗೆ ಎಳೆಯಿರಿ. ನಡುವಿನ ತ್ರಿಕೋನಾಕಾರದ ಮೆತ್ತನೆ ಭಾಗವನ್ನು ಚುಚ್ಚಬೇಡಿ, ಅದರ ಎರಡೂ ಪಕ್ಕದ ಸಂದುಗಳಲ್ಲೇ ಕೊಳೆ ಕೂರುವುದು.

ಮನೆಯವರಿಗೆ ಸಲೀಸಾಗಿ ಕಾಲು ಕೊಡುವ ಕುದುರೆ ಲಾಳ ಕಟ್ಟುವವರು ಬಂದಾಗ ಕುಣಿಯುವುದುಂಟು. ಅವರು ಮುಂಗಾಲನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿಕೊಳ್ಳುತ್ತಾರೆ, ಮುಂದಕ್ಕೆಳೆದು ಸ್ಟ್ಯಾಂಡಿನ ಮೇಲಿಡುತ್ತಾರೆ, ಸುತ್ತಿಗೆಯಿಂದ ಬಡಿಯುತ್ತಾರೆ. ಇದು ಯಾವುದನ್ನೂ ಅದಕ್ಕೆ ಯಾರೂ ತೋರಿಸಿರುವುದಿಲ್ಲ. ಅವರು ಬರುವ ಎರಡು ವಾರ ಮುಂಚೆಯೇ ಶುರು ಮಾಡಿ: ಕಾಲನ್ನು ತೊಡೆಗಳ ನಡುವೆ ಹಿಡಿಯಿರಿ, ಮುಂದಕ್ಕೆ ಚಾಚಿ ಹಿಡಿಯಿರಿ, ಕೊಕ್ಕೆಯ ಹಿಡಿಯಿಂದ ಗೊರಸಿನ ತಳಕ್ಕೆ ಹತ್ತು ಸಲ ತಟ್ಟಿ, ದಪ್ಪ ಬಟ್ಟೆಯ ಏಪ್ರನ್ ಕಟ್ಟಿಕೊಂಡು ಇದೇ ಕೆಲಸ ಮತ್ತೊಮ್ಮೆ ಮಾಡಿ. ಒಂದು ನಿಮಿಷ ಪೂರ್ತಿ ಕಾಲು ಹಿಡಿಸಿಕೊಂಡ ಮೇಲೆ ಬೇರೆಯವರ ಕೈಯಿಂದಲೂ ಎತ್ತಿಸಿ. ಆ ದಿನ ಬಂದಾಗ ಕಷ್ಟದ ಕಾಲು ಯಾವುದೆಂದು ಲಾಳದವರಿಗೆ ಮೊದಲೇ ಹೇಳಿ, ಸಲೀಸಾದ ಕಾಲಿನಿಂದ ಆರಂಭಿಸಲಿ, ನಡುನಡುವೆ ಕಾಲನ್ನು ನೆಲಕ್ಕಿಟ್ಟು ವಿರಾಮ ಕೊಡಲಿ. ಅವಸರದಲ್ಲಿರುವವರಾದರೆ ಬೇರೆ ದಿನ ಗೊತ್ತು ಮಾಡಿಕೊಳ್ಳಿ.