ಹಳೇ ಗ್ರಾಮ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಸರಿಯಾದ ಜಾಗಕ್ಕೆ ಕೂರಿಸುವುದು

ಮಂಡ್ಯ ಸುತ್ತಲಿನ ಕೆರೆ, ಗುಂಡುತೋಪು, ಬಂಡಿದಾರಿಗಳನ್ನು ನಾನು ನಕ್ಷೆಗೆ ಏರಿಸುತ್ತೇನೆ. ಎಲ್ಲಿಂದ ಶುರು ಮಾಡೋಣ ಅಂತ ಕೇಳುವವರಿಗೆ ಗ್ರಾಮ ನಕ್ಷೆಯಿಂದಲೇ ಅನ್ನುತ್ತೇನೆ. ಒತ್ತುವರಿಯಾದ ಕೆರೆ ಉಪಗ್ರಹ ಚಿತ್ರದಲ್ಲಿ ಕಬ್ಬಿನ ಗದ್ದೆಯಾಗಿ ಕಾಣುತ್ತದೆ. ಗ್ರಾಮ ನಕ್ಷೆಯಲ್ಲಿ ಅದು ಇನ್ನೂ ಕೆರೆಯೇ.

ಕಂದಾಯ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ನಕ್ಷೆಯ ಪಿಡಿಎಫ್ ಸಿಗುತ್ತದೆ. ಅದನ್ನು 300 ಡಿಪಿಐ (ಇಂಚಿಗೆ 300 ಚುಕ್ಕೆ) ಚಿತ್ರ ಮಾಡಿ, ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದ ಜಿಯೋರೆಫರೆನ್ಸರ್‌ನಲ್ಲಿ (ಚಿತ್ರವನ್ನು ಭೂಮಿಯ ಮೇಲಿನ ಸರಿಯಾದ ಜಾಗಕ್ಕೆ ಕೂರಿಸುವ ಸಾಧನ) ತೆರೆಯಿರಿ. ಮಂಡ್ಯ, ಮೈಸೂರು ಎರಡಕ್ಕೂ ಪ್ರೊಜೆಕ್ಷನ್, ಅಂದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ, ಯುಟಿಎಂ 43 ಉತ್ತರ (ಇಪಿಎಸ್‌ಜಿ 32643).

ಆಮೇಲೆ ಗುರುತಿನ ಬಿಂದುಗಳು, ಅಂದರೆ ಹಳೇ ನಕ್ಷೆಯಲ್ಲೂ ಇಂದಿನ ನೆಲದ ಮೇಲೂ ಸಿಗುವ ಜಾಗಗಳು. ಇಲ್ಲಿ ಆತುರ ಬೇಡ. ಅಗಲ ಮಾಡಿದ ರಸ್ತೆಯನ್ನು ನಂಬಬೇಡಿ. ಇಲ್ಲಿ ನಾಲೆಯ ವಿಷಯವೂ ಇದೆ: ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಅದಕ್ಕೂ ಹಿಂದೆ ಅಳೆದ ನಕ್ಷೆಯಾದರೆ ಆ ಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅದರಲ್ಲಿ ಇರುವುದೇ ಇಲ್ಲ. ಹಳೇ ದೇವಸ್ಥಾನ, ಕೆರೆ ಏರಿಯ ತುದಿ, ಕೋಡಿ, ಮೂರು ಊರಿನ ಗಡಿ ಸೇರುವ ಕಲ್ಲು, ಇವೇ ಒಳ್ಳೆಯ ಗುರುತು. ಗಡಿಕಲ್ಲು ಪೊದೆಯಲ್ಲಿ ಮುಚ್ಚಿಹೋಗಿರುತ್ತದೆ. ಊರಿನ ನೀರುಗಂಟಿಯನ್ನೋ ಹಿರಿಯರನ್ನೋ ಜೊತೆಗೆ ಕರೆದುಕೊಂಡು ಹೋಗಿ, ಕಲ್ಲಿನ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಜಿಪಿಎಸ್ ಅಂಕಿ ಬರೆದುಕೊಳ್ಳಿ. 'ದಿಶಾಂಕ್' ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರನ್ನೂ ನೋಡಿಕೊಳ್ಳಿ.

ಬಿಂದುಗಳಿಗೆ ಹೊಂದುವಂತೆ ಚಿತ್ರವನ್ನು ಕೂರಿಸುವ ವಿಧಾನಗಳಲ್ಲಿ ಪಾಲಿನಾಮಿಯಲ್ 1 ಆರಿಸಿ. ಅದಕ್ಕೆ ಮೂರು ಬಿಂದು ಸಾಕು, ಆದರೆ ಎಂಟು-ಹತ್ತು ಕೊಡಿ. ಹಳೇ ಕಾಗದ ಎಲ್ಲ ಕಡೆ ಒಂದೇ ಸಮ ಹಿಗ್ಗಿರುವುದಿಲ್ಲ, ಹಾಗಾಗಿ ಬಿಂದುಗಳು ನಾಲ್ಕೂ ಮೂಲೆಗೆ ಹರಡಿರಲಿ.

ಕೂತಿತೋ ಇಲ್ಲವೋ ನೋಡಲು ಒಂದು ಸರ್ವೆ ನಂಬರಿನ ಸುತ್ತ ಗೆರೆ ಎಳೆದು ವಿಸ್ತೀರ್ಣ ತೆಗೆಯಿರಿ. ಪಹಣಿಯ ಒಟ್ಟು ವಿಸ್ತೀರ್ಣಕ್ಕೆ, ಖರಾಬೂ (ಸಾಗುವಳಿಗೆ ಬಾರದ ಜಾಗ) ಸೇರಿಸಿ, ಹೋಲಿಸಿ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಮೈಲಿಗೆ 8 ಇಂಚಿನ ನಕ್ಷೆಯಾದರೆ ಕಾಗದದ ಮೇಲಿನ ಒಂದು ಚದರ ಇಂಚು ಸರಿಯಾಗಿ 10 ಎಕರೆ. ಎಷ್ಟು ಚೆಂದದ ಲೆಕ್ಕ ಅಲ್ವಾ!

ಕೆರೆ, ತೋಪು, ನಕಾಶೆ ದಾರಿಗಳನ್ನು (ಗ್ರಾಮ ನಕ್ಷೆಯಲ್ಲಿ ತೋರಿಸಿದ ದಾರಿಗಳು) ಬೇರೆ ಬೇರೆ ಪದರದಲ್ಲಿ ಬರೆಯಿರಿ. ಹೊಸಹಳ್ಳಿಗಳು ಬೇಕಾದಷ್ಟಿವೆ, ಆದ್ದರಿಂದ ಹೆಸರಿನ ಜೊತೆ ಸರ್ಕಾರದ ಎಲ್‌ಜಿಡಿ (ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಗ್ರಾಮ ಸಂಖ್ಯೆಯನ್ನೂ ಹಾಕಿ. ಇದನ್ನು ಹಿಡಿದು ಬದುವಿನ ಜಗಳಕ್ಕೆ ಮಾತ್ರ ಹೋಗಬೇಡಿ. ಅದಕ್ಕೆ ಸರ್ವೆಯರ್ ಬಂದು ಹದ್ದುಬಸ್ತು ಮಾಡಬೇಕು, ಅಂದರೆ ಅಳೆದು ಗಡಿ ಗುರುತಿಸಬೇಕು.