ಮೇಲಿನ ಗೋಡೆ ಒಡೆಯದೆ ಬಾಗಿಲು ಅಗಲ ಮಾಡಿದ್ದು

ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಎರಡೂವರೆ ಅಡಿ ಬಾಗಿಲು. ಗಾಲಿಕುರ್ಚಿ ಸಲೀಸಾಗಿ ಹೋಗಬೇಕಾದರೆ ಗೋಡೆಯಲ್ಲಿ 3 ಅಡಿ 2 ಇಂಚು ಜಾಗ ಬೇಕು. ನೋಡಿದ ಮೇಸ್ತ್ರಿಗಳೆಲ್ಲ ಬಾಗಿಲ ಮೇಲಿನ ಗೋಡೆಯನ್ನು ತಾರಸಿವರೆಗೂ ಒಡೆದು ಕಟ್ಟಬೇಕು ಎಂದರು. ಒಡೆಯಲಿಲ್ಲ. ಎರಡು ವರ್ಷವಾಯಿತು, ಗಿಲಾವಿನಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ.

ಬಾಗಿಲ ಮೇಲಿನ ಗೋಡೆಯ ಭಾರ ಹೊರುವ ಅಡ್ಡತೊಲೆಯೇ ಲಿಂಟಲ್. ಹಳೆ ಲಿಂಟಲ್‌ನ ತುದಿ ಗೋಡೆಯೊಳಗೆ ಕೂತಿದ್ದು ಆರೇ ಇಂಚು. ಎಂಟಿಂಚು ಗೋಡೆ ತೆಗೆದರೆ ಅದರ ಒಂದು ತುದಿಗೆ ಆಸರೆಯೇ ಇರದು. ಹಾಗಾಗಿ ಹೊಸ ಲಿಂಟಲ್ ಮೊದಲು, ಗೋಡೆ ಆಮೇಲೆ. ಅದನ್ನೂ ಗೋಡೆಯ ಬದಿಗೊಂದರಂತೆ ಉದ್ದಕ್ಕೆ ಎರಡು ಭಾಗ ಮಾಡಿದೆ: ತಲಾ 4 ಇಂಚು ಅಗಲ, 6 ಇಂಚು ಎತ್ತರ, 4 ಅಡಿ 4 ಇಂಚು ಉದ್ದ. ಕೆಳಗೆ 12 ಎಂಎಂ ಕಂಬಿ ಎರಡು, ಮೇಲೆ 8 ಎಂಎಂ ಎರಡು, ಕಂಬಿಗಳನ್ನು ಸುತ್ತಿ ಹಿಡಿಯಲು ಆರಾರು ಇಂಚಿಗೊಂದು ರಿಂಗು. ಎರಕ ಹೊಯ್ದು ಮೂರು ವಾರ ನೀರುಣಿಸಿದೆ. ಒಂದೊಂದೂ ಸುಮಾರು 50 ಕಿಲೋ. ಇಬ್ಬರೇ ಅದನ್ನು ಮೇಲೇರಿಸಿದ ಉಪಾಯ ನನ್ನಲ್ಲೇ ಇರಲಿ.

ಗೋಡೆಯ ಎರಡೂ ಬದಿ ತಾರಸಿಗೆ ಹಲಗೆ ಇಟ್ಟು ಜಾಕಿ ಕೊಟ್ಟೆ. ಹಳೆ ಲಿಂಟಲ್‌ನ ಮೇಲೆ, ಒಂದೇ ಬದಿಯಿಂದ ನಾಲ್ಕೂವರೆ ಇಂಚು ಆಳಕ್ಕೆ ಕೊರೆದು ಮೊದಲ ಭಾಗ ಕೂರಿಸಿದೆ. ಬಾಗಿಲ ಮೇಲೆಯೇ ತೊಲೆ ಬಂದು ಕೂತಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಎಂಜಿನಿಯರ್ ನೋಡಲೇಬೇಕು.

ಕೆಟ್ಟಿದ್ದು ಇಲ್ಲೇ. ಲಿಂಟಲ್ ಮತ್ತು ಮೇಲಿನ ಇಟ್ಟಿಗೆಯ ನಡುವಿನ ಒಂದಿಂಚು ಸಂದಿಗೆ ಮಾಮೂಲಿ ನೀರುಗಾರೆ ತುಂಬಿದ್ದೆ. ಒಣಗಿ ಕುಗ್ಗಿ, ಕಾಗದ ತೂರುವಷ್ಟು ಬಿರುಕು ಬಿಟ್ಟಿತು. ಅಂದರೆ ಭಾರ ಲಿಂಟಲ್‌ಗೆ ಇಳಿದೇ ಇಲ್ಲ. ಎಲ್ಲ ಕೆದಕಿ ತೆಗೆದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ತೇವ ಮಾಡಿ, ಮರದ ತುಂಡಿನಿಂದ ಪದರ ಪದರವಾಗಿ ಬಡಿದು ತುಂಬಿದೆ. ಅವಸರ ಇಲ್ಲಿ ನಡೆಯದು. ಏಳು ದಿನ ಬಿಟ್ಟು ಇನ್ನೊಂದು ಬದಿ, ಮತ್ತೆ ಏಳು ದಿನ.

ಬಾಗಿಲ ಪಕ್ಕದ ಎಂಟಿಂಚು ಗೋಡೆಗೆ ದೊಡ್ಡ ಸುತ್ತಿಗೆ ಬೇಡ, ಅಕ್ಕಪಕ್ಕದ ಇಟ್ಟಿಗೆಯೂ ಸಡಿಲವಾಗುತ್ತದೆ. ಏಳಿಂಚಿನ ಡೈಮಂಡ್ ಬ್ಲೇಡಿನಲ್ಲಿ ಎರಡೂ ಬದಿ ಗೆರೆ ಕೊಯ್ದು, ಉಳಿಯಿಂದ ಮೇಲಿನ ವರಸೆಯಿಂದಲೇ ಬಿಡಿಸುತ್ತ ಬಂದೆ. ಹಳೆ ಲಿಂಟಲ್ಲಿಗೆ ಕೆಳಗಿಂದ ಜಾಕಿ ಕೊಟ್ಟು ಮೂರು ತುಂಡು ಮಾಡಿ ಇಳಿಸಿದೆ. ಆ ಆರಿಂಚು ಎತ್ತರ ಹೊಸ ಚೌಕಟ್ಟಿಗೇ ಸೇರಿತು.

ಅಗಲ ಮಾಡಿದ್ದು ಒಂದೇ ಬದಿ, ಸ್ವಿಚ್ ಬೋರ್ಡ್ ಇಲ್ಲದ ಕಡೆ. ಬೋರ್ಡ್ ಸರಿಸಿದ್ದರೆ ಪೈಪು, ವೈರು, ಗಿಲಾವು ಎಂದು ಖರ್ಚು ಬೆಳೆಯುತ್ತಿತ್ತು. ಲಿಂಟಲ್‌ಗೆ ಆದದ್ದು ಒಟ್ಟು ಖರ್ಚಿನ ಹತ್ತರಲ್ಲೊಂದು ಪಾಲು. ಅರ್ಧದಷ್ಟು ನುಂಗಿದ್ದು ಚೌಕಟ್ಟು ಮತ್ತು ಬಾಗಿಲು. ಹಳೆ ಬಾಗಿಲಿಗೇ ಮರದ ಪಟ್ಟಿ ಅಂಟಿಸಿ ಅಗಲ ಮಾಡಲು ಹೋಗಿ ಎರಡು ದಿನ ಕಳೆಯಿತು. ತಿಂಗಳಲ್ಲೇ ಜೋತು ನೆಲಕ್ಕೆ ಉಜ್ಜತೊಡಗಿತು. ಒಂದೂವರೆ ಇಂಚು ಸಿಕ್ಕರೆ ಸಾಕು ಎನ್ನುವವರು ಗೋಡೆ ಮುಟ್ಟುವುದೇ ಬೇಡ. ಬಾಗಿಲನ್ನು ಪೂರ್ತಿ ಪಕ್ಕಕ್ಕೆ ಸರಿಸುವ ಆಫ್‌ಸೆಟ್ ಹಿಂಜು ಹಾಕಿದರೆ ಅಷ್ಟು ಜಾಗ ಸಿಗುತ್ತದೆ.

ಗೋಡೆ ಹೋದ ಜಾಗದ ನೆಲಕ್ಕೆ ಹಳೆ ಟೈಲ್ಸ್ ಹೊಂದಲಿಲ್ಲ. ಹೊಸಿಲಿನ ಉದ್ದಕ್ಕೂ ಒಂದೇ ಕರಿ ಗ್ರಾನೈಟ್ ಪಟ್ಟಿ ಹಾಸಿದೆ, ಎರಡೂ ನೆಲಕ್ಕೆ ಸಮಮಟ್ಟವಾಗಿ. ಅಂಚು ಎದ್ದು ನಿಂತರೆ ಗಾಲಿ ತಡೆಯುತ್ತದೆ.