ಹರ್ಮಿಟ್ ಏಡಿಗಳಿಗೆ ಉಪ್ಪುನೀರು: ನಾನು ಸಿದ್ಧಪಡಿಸುವ ಬಗೆ

ನೆಲದ ಮೇಲೆ ಬದುಕುವ ಹರ್ಮಿಟ್ ಏಡಿಯನ್ನು ಸಾಕುವವರು ಎರಡು ಬಟ್ಟಲು ನೀರು ಇಡಬೇಕು: ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಉಪ್ಪುನೀರು. ಏಡಿ ತಾನು ಹೊತ್ತ ಶಂಖದೊಳಗೆ ಸ್ವಲ್ಪ ನೀರನ್ನು ಸದಾ ತುಂಬಿಕೊಂಡಿರುತ್ತದೆ. ಮೆತ್ತಗಿನ ಹೊಟ್ಟೆಯನ್ನೂ ಕಿವಿರುಗಳನ್ನೂ ಒದ್ದೆಯಾಗಿಡುವುದು ಆ ನೀರೇ. ಅದರಲ್ಲಿ ಉಪ್ಪು ಎಷ್ಟಿರಬೇಕೆಂದು ಏಡಿಯೇ ತೀರ್ಮಾನಿಸುತ್ತದೆ. ರಾತ್ರಿ ಹೊತ್ತು ಟಾರ್ಚ್ ಹಿಡಿದು ನೋಡಿದರೆ, ಉಪ್ಪಿನ ಬಟ್ಟಲಿಗೆ ಇಳಿದು, ಶಂಖ ಓರೆ ಮಾಡಿ ನೀರು ತುಂಬಿಸಿಕೊಂಡು, ಆಮೇಲೆ ಸಿಹಿನೀರಿನ ಕಡೆ ನಡೆಯುವುದು ಕಾಣಿಸುತ್ತದೆ. ಹದ ಮಾಡಿಕೊಳ್ಳುವ ಕೆಲಸ ಅದರದು. ಸಿಹಿ ನಿಜಕ್ಕೂ ಸಿಹಿಯಾಗಿರುವಂತೆ, ಉಪ್ಪು ನಿಜಕ್ಕೂ ಸಮುದ್ರದಂತಿರುವಂತೆ ನೋಡಿಕೊಳ್ಳುವುದಷ್ಟೇ ನನ್ನ ಪಾಲಿನದು.

ಅಡುಗೆ ಉಪ್ಪು ಬೇಡ ಎಂದರೆ ಎಲ್ಲರೂ ಅಯೋಡಿನ್ ಕಡೆ ಬೊಟ್ಟು ಮಾಡುತ್ತಾರೆ. ಅಯೋಡಿನ್ ಸಮುದ್ರದಲ್ಲೂ ಇದೆ. ಅಡುಗೆ ಉಪ್ಪಿನಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದೇ ನನಗೆ ದೊಡ್ಡ ತಕರಾರು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ, ಹೆಚ್ಚುಕಡಿಮೆ ಅಷ್ಟೇ ಪೊಟ್ಯಾಸಿಯಂ ಇರುತ್ತವೆ. ಅಡುಗೆ ಉಪ್ಪು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ‘ಶುದ್ಧ ಸಮುದ್ರದ ಉಪ್ಪು’ ಎಂದು ಬರೆದಿರುವ ಪೊಟ್ಟಣವೂ ಇದಕ್ಕೆ ಹೊರತಲ್ಲ. ಉಪ್ಪಿನಾಗರದಲ್ಲಿ ನೀರು ಆವಿಯಾಗುವಾಗ ಹರಳುಗಟ್ಟುವುದು ಮುಖ್ಯವಾಗಿ ಸೋಡಿಯಂ ಕ್ಲೋರೈಡ್. ಮೆಗ್ನೀಸಿಯಂ, ಪೊಟ್ಯಾಸಿಯಂಗಳ ಬಹುಪಾಲು ಉಳಿದ ಕಹಿ ನೀರಿನಲ್ಲೇ ನಿಂತುಬಿಡುತ್ತದೆ. ಸಿಹಿನೀರಿನ ಮೀನುಗಳ ಚಿಕಿತ್ಸೆಗೆ ಮಾರುವ ಅಕ್ವೇರಿಯಂ ಉಪ್ಪಿನದೂ ಇದೇ ಕಥೆ. ನಾನು ಬಳಸುವುದು ಸಮುದ್ರ ಮೀನುಗಳ ತೊಟ್ಟಿಗೆಂದೇ ತಯಾರಾಗುವ ಮರೀನ್ ಸಾಲ್ಟ್ ಮಿಕ್ಸ್.

ಮೊದಲು ನೀರು. ನಲ್ಲಿ ನೀರಿನ ಕ್ಲೋರಿನ್ ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಬಹುಮಟ್ಟಿಗೆ ಹಾರಿಹೋಗುತ್ತದೆ, ಆದರೆ ಕೆಲವು ಕಡೆ ನೀರಿಗೆ ಬೆರೆಸುವ, ಕ್ಲೋರಿನ್-ಅಮೋನಿಯಾ ಸೇರಿದ ಕ್ಲೋರಮೈನ್ ಹಾಗೆ ಹೋಗುವುದಿಲ್ಲ. ಆದ್ದರಿಂದ ಕಾಯುವ ಗೊಡವೆಗೆ ಹೋಗದೆ, ಎರಡಕ್ಕೂ ಆಗುವ ಡಿಕ್ಲೋರಿನೇಟರ್ ಹನಿಗಳನ್ನು ಹಾಕಿಬಿಡುತ್ತೇನೆ. ಸಿಹಿನೀರಿನ ಬಟ್ಟಲಿಗೂ ಇದೇ ನೀರು.

ಉಪ್ಪಿನ ಚೀಲ ಬಿಚ್ಚುವ ಮುನ್ನ ಅದನ್ನು ಚೆನ್ನಾಗಿ ಉರುಳಿಸುತ್ತೇನೆ, ಏಕೆಂದರೆ ಸಾಗಣೆಯಲ್ಲಿ ಸಣ್ಣ ಕಣಗಳು ತಳ ಸೇರಿರುತ್ತವೆ. ಲೀಟರಿಗೆ ಸುಮಾರು 37 ಗ್ರಾಂ ತೂಗಿ ಹಾಕುತ್ತೇನೆ. ನೀರಿಗೆ ಉಪ್ಪು ಸೇರಿಸಬೇಕೇ ಹೊರತು ಉಪ್ಪಿನ ಮೇಲೆ ನೀರು ಸುರಿಯಬಾರದು. ಹಾಗೆ ಸುರಿದರೆ ಮೊದಲ ಕ್ಷಣದ ಗಾಢ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೇರ್ಪಟ್ಟು, ಬಿಳಿ ಗಸಿಯಾಗಿ ಕೂರುತ್ತದೆ. ಅದು ಮತ್ತೆ ಸುಲಭವಾಗಿ ಕರಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಹಾಕುತ್ತ ಪ್ಲಾಸ್ಟಿಕ್ ಚಮಚದಿಂದ ಕಲಕಿ, ಏರ್ ಪಂಪಿನ ಕೊಳವೆ ಇಳಿಬಿಟ್ಟು ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಹಾಲಿನಂತಿದ್ದ ಕದಡು ಹೋಗಿ ಬಕೆಟ್ಟಿನ ತಳ ಸ್ಪಷ್ಟವಾಗಿ ಕಾಣಬೇಕು.

ಅಳೆಯುವುದು ಅದರ ನಂತರ. ಮರೀನ್ ಸಾಲ್ಟ್ ಗಾಳಿಯ ತೇವವನ್ನು ಹೀರುವುದರಿಂದ ತೂಕವೊಂದನ್ನೇ ನಂಬುವಂತಿಲ್ಲ. ತೇವಗೊಂಡ ಉಪ್ಪನ್ನು 37 ಗ್ರಾಂ ತೂಗಿದರೂ ಅದರಲ್ಲಿ ನಿಜವಾದ ಉಪ್ಪು ಕಡಿಮೆಯೇ. ತಕ್ಕಡಿ ಅಂದಾಜು ಕೊಡುತ್ತದೆ, ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೀರ್ಪು ಕೊಡುತ್ತದೆ. ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಎನ್ನುವ ಅಳತೆ) 1.023ರಿಂದ 1.026ರ ನಡುವೆ, ಅಂದರೆ ಲವಣಾಂಶ ಸಾವಿರಕ್ಕೆ 35ರ ಆಸುಪಾಸಿನಲ್ಲಿದ್ದರೆ ಸರಿ. ಮುಳ್ಳಿರುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗದ ಸಾಧನ, ಆದರೆ ಅದಕ್ಕೊಂದು ಕೆಟ್ಟ ಚಾಳಿ: ಮುಳ್ಳಿಗೆ ಒಂದು ಗುಳ್ಳೆ ಅಂಟಿಕೊಂಡರೂ ಅದು ಮೇಲೇರಿ, ಇಲ್ಲದ ಉಪ್ಪನ್ನು ತೋರಿಸುತ್ತದೆ. ನೀರು ತುಂಬಿದ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸುತ್ತೇನೆ. ಬೆಚ್ಚಗಿನ ನೀರು ಹಗುರವಾದ್ದರಿಂದ, ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ಓದುತ್ತೇನೆ. ಕೆಲಸ ಮುಗಿದೊಡನೆ ಸಿಹಿನೀರಿನಲ್ಲಿ ತೊಳೆಯದಿದ್ದರೆ ಮುಳ್ಳಿನ ಕೀಲಿಗೆ ಉಪ್ಪು ಕಟ್ಟಿ, ಮುಂದಿನ ಸಲ ಅದು ಸುಳ್ಳು ಹೇಳುತ್ತದೆ. ಕೈಯಲ್ಲಿ ಹಣವಿದ್ದರೆ, ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಎನ್ನುವುದರಿಂದ ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ. ಎರಡು ಹನಿ ನೀರು ಸಾಕು, ಗುಳ್ಳೆಯ ಕಾಟವೂ ಇಲ್ಲ. ಲವಣಾಂಶ ಸಾವಿರಕ್ಕೆ 35 ಎಂದು ಖಚಿತವಾಗಿ ಗೊತ್ತಿರುವ ಪ್ರಮಾಣದ್ರಾವಣದಿಂದ ಆಗಾಗ ಸರಿಹೊಂದಿಸಿಕೊಂಡರಾಯಿತು. ಹೆಚ್ಚಾದರೆ ಸಿಹಿನೀರು, ಕಡಿಮೆಯಾದರೆ ಚಿಟಿಕೆ ಉಪ್ಪು ಸೇರಿಸಿ, ಕರಗಿಸಿ, ಮತ್ತೆ ಅಳೆಯುತ್ತೇನೆ.

ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಈ ನೀರು ಕೆಡದೆ ಇರುತ್ತದೆ. ಬಳಸುವ ಮುನ್ನ ಒಮ್ಮೆ ಅಲುಗಾಡಿಸುತ್ತೇನೆ.

ಬಟ್ಟಲು ದೊಡ್ಡ ಏಡಿ ಶಂಖಸಮೇತ ಮುಳುಗುವಷ್ಟು ಆಳವಿರಬೇಕು. ಆದರೆ ಹೊರಗೆ ಹತ್ತಿಬರಲು ಕಲ್ಲೋ ಪ್ಲಾಸ್ಟಿಕ್ ಜಾಲರಿಯೋ ಇರಲೇಬೇಕು, ಇಲ್ಲದಿದ್ದರೆ ಏಡಿಗಳು ಮುಳುಗಿ ಸಾಯುತ್ತವೆ. ನೀರು ಆವಿಯಾಗಿ ಮಟ್ಟ ಇಳಿದಾಗ ಉಪ್ಪುನೀರನ್ನೇ ತುಂಬುವುದು ಸಹಜವೆನಿಸಿದರೂ ಲೆಕ್ಕ ತಪ್ಪು: ಆವಿಯಾದದ್ದು ನೀರು ಮಾತ್ರ, ಉಪ್ಪೆಲ್ಲ ಬಟ್ಟಲಲ್ಲೇ ಇದೆ. ಕ್ಲೋರಿನ್ ತೆಗೆದ ಸಿಹಿನೀರಿನಿಂದಲೇ ಮಟ್ಟ ಸರಿಮಾಡಬೇಕು. ಏಡಿಗಳು ಮರಳನ್ನೂ ಆಹಾರದ ಚೂರನ್ನೂ ಎಳೆತಂದು ಗಲೀಜು ಮಾಡಿದಾಗ ಪೂರ್ತಿ ಚೆಲ್ಲಿ, ಬಟ್ಟಲನ್ನು ಸೋಪಿಲ್ಲದೆ ತೊಳೆದು ಹೊಸ ನೀರು ತುಂಬುತ್ತೇನೆ. ಚೆಲ್ಲುವ ನೀರು ಚರಂಡಿಗೆ ಹೋಗಲಿ, ಹೂಗಿಡಗಳಿಗೆ ಬೇಡ.